ಒಂದು ಪೆಟ್ಟಿಗೆ, ಒಂದು ಹೆಣ್ಣು ಸಿಂಗಳೀಕ

ನಮ್ಮ ಮನೆ ಸಿದ್ದಾಪುರದ ಕಡೆ. ಅಂಗಳದಲ್ಲಿ ತುಡುವೆ ಜೇನು, ಹಿಂದಿನ ಕಾನಿನಲ್ಲಿ ಸಿಂಗಳೀಕ. ಯಾವುದು ಎಷ್ಟು ಬೇಗ ಹೆಚ್ಚುತ್ತೆ ಅಂತ ಎರಡನ್ನೂ ಹೋಲಿಸಿ ನೋಡೋಣ ಅಂತ ಒಂದು ನೋಟ್‌ಬುಕ್ ಇಟ್ಟೆ.

ಶುರುವಿನಲ್ಲೇ ಎಡವಿದೆ. ಒಂದು ಹುಳಕ್ಕೆ ಒಂದು ಮಂಗ ಅಂತ ಲೆಕ್ಕ ಹಾಕಿದ್ದೆ. ಪೆಟ್ಟಿಗೆಯಲ್ಲಿ ಸಾವಿರಾರು ಹುಳ, ಗುಂಪಿನಲ್ಲಿ 17 ಮಂಗ. ಇದರಿಂದ ಏನು ತಿಳಿಯುತ್ತೆ? ಕೆಲಸಗಾರ ಹುಳ ಒಂಟಿಯಾಗಿ ಬದುಕುವುದೇ ಇಲ್ಲ. ಜೇನಿನ ಸಂತಾನ ಅಂದರೆ ಒಂದು ಕುಟುಂಬ ಎರಡಾಗುವುದು. ಹಾಗಾಗಿ ಪುಟ ಹರಿದು, ಒಂದು ಪೆಟ್ಟಿಗೆಗೆ ಒಂದು ಹೆಣ್ಣು ಸಿಂಗಳೀಕ ಅಂತ ಹೊಸದಾಗಿ ಗೆರೆ ಎಳೆದೆ. ಗುರುತು ಸಿಗಲಿ ಅಂತ ಕಿವಿ ಹರಿದ ಒಂದು ಹೆಣ್ಣನ್ನೇ ಆರಿಸಿಕೊಂಡೆ.

ಮಂಗಗಳ ಎಣಿಕೆ ಜೇನಿಗಿಂತ ಕಷ್ಟ. ಮರದಿಂದ ಮರಕ್ಕೆ ಜಿಗಿಯುವ ಸಂದು ಹುಡುಕಿ ಕೆಳಗೆ ಕೂತರೆ ಒಂದೊಂದಾಗಿ ದಾಟುತ್ತವೆ. ಕಪ್ಪು ಹೊಟ್ಟೆಗೆ ಅಂಟಿಕೊಂಡ ಮರಿ ಮಾತ್ರ ಸುಲಭಕ್ಕೆ ಕಾಣುವುದಿಲ್ಲ. ಮೂರು ಸಲ ಎಣಿಸಿ.

ತುಡುವೆಯ ಮೊಟ್ಟೆ ಬೆಳೆದು ರಾಣಿಯಾಗಿ ಹೊರಬರಲು ಸುಮಾರು 16 ದಿನ ಸಾಕು. ಹೂವು ಚೆನ್ನಾಗಿದ್ದರೆ ವರ್ಷದಲ್ಲಿ ಒಂದು ಪೆಟ್ಟಿಗೆ ಎರಡೋ ಮೂರೋ ಆಗುತ್ತದೆ. ಸಿಂಗಳೀಕಕ್ಕೆ ಮೊದಲ ಮರಿ ಆರೇಳು ವರ್ಷಕ್ಕೆ. ಬಸಿರು ಸುಮಾರು 6 ತಿಂಗಳು, ಹುಟ್ಟುವುದು ಒಂದೇ, ಮುಂದಿನದಕ್ಕೆ ಮತ್ತೆ ಎರಡು ಮೂರು ವರ್ಷ.

1990ರ ದಶಕದ ಶುರುವಿನಲ್ಲಿ ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದಿದ್ದು ನೆನಪಿದೆ. ಅಪ್ಪ ಚಿಮಟದಿಂದ ಎರಿಯೊಳಗಿನ ಮರಿಹುಳು ಎಳೆದರೆ ನೀರು ತುಂಬಿದ ಚೀಲದಂತೆ ಜೋತಾಡುತ್ತಿತ್ತು. ನಮ್ಮ ಪೆಟ್ಟಿಗೆಗಳಲ್ಲಿ ಎರಡೇ ಉಳಿದವು. ಆದರೆ ಅವನ್ನೇ ಪಾಲು ಮಾಡುತ್ತಾ ಕೆಲವೇ ವರ್ಷದಲ್ಲಿ ಮತ್ತೆ ಅಂಗಳ ತುಂಬಿಸಿದೆವು. ಅಂಥದ್ದೇ ಹೊಡೆತ ಸಿಂಗಳೀಕಕ್ಕೆ ಬಿದ್ದರೆ? ಗೆರೆಯ ಆ ಕಡೆ ಬರೆಯಲು ನನಗೆ ಏನೂ ಇರಲಿಲ್ಲ.

ಮಳೆಗಾಲದಲ್ಲಿ ಉಪ್ಪಾಗೆ ಎಂಬ ಕಾಡಿನ ಹುಳಿ ಹಣ್ಣಿಗೆ ಸಿಂಗಳೀಕಗಳೂ ಬರುತ್ತವೆ, ನಾವೂ ಹೋಗುತ್ತೇವೆ. ನಮಗೆ ಸಿಪ್ಪೆ, ಅವಕ್ಕೆ ಒಳಗಿನದು. ಮೊದಲು ಟೊಂಗೆಯನ್ನೇ ಕಡಿದು ಕೊಯ್ಯುತ್ತಿದ್ದರು, ನಾವೂ ಕಡಿದಿದ್ದೇವೆ, ಸುಳ್ಳು ಯಾಕೆ. 2011ರಲ್ಲಿ ನಮ್ಮ ಕಡೆಯ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಆಯಿತು. ನಾನು ಈಗ ಬಿದ್ದ ಹಣ್ಣನ್ನೇ ಜಾಸ್ತಿ ಆರಿಸುತ್ತೇನೆ.

ಎರಡು ವರ್ಷದಲ್ಲಿ ಪೆಟ್ಟಿಗೆಯ ಸಾಲಿನಲ್ಲಿ ನಾಲ್ಕು ಹೊಸ ಗೀಟು ಬಿದ್ದವು. ಹರಿದ ಕಿವಿಯವಳ ಸಾಲಿನಲ್ಲಿ ಒಂದೇ ಮರಿ. ಮೊನ್ನೆ ಅದು ತಾನೇ ಉಪ್ಪಾಗೆ ಬಿಡಿಸಲು ಹೋಗಿ ಕೈಜಾರಿ ನನ್ನ ಬುಟ್ಟಿಯ ಪಕ್ಕ ಬೀಳಿಸಿತು.