ಎಲ್‌ಡಿಎಲ್ ಕಡಿಮೆ ಇದ್ದರೂ ನಾಡಿ ಹಿಡಿದು ನೋಡಿ

ಕೊಲೆಸ್ಟ್ರಾಲ್ ಎಂದೊಡನೆ ನಮಗೆ ನೆನಪಾಗುವುದು ರಕ್ತನಾಳದ ಬ್ಲಾಕ್. ಹೃದಯದ ಬಡಿತ ತಾಳ ತಪ್ಪುವುದಕ್ಕೂ ರಕ್ತದ ಕೊಬ್ಬಿಗೂ ನಂಟಿದೆ, ಆದರೆ ಅದು ಅಷ್ಟು ಸರಳವಲ್ಲ. 'ಕೆಟ್ಟ ಕೊಲೆಸ್ಟ್ರಾಲ್' ಎನ್ನುವ ಎಲ್‌ಡಿಎಲ್ ಹೆಚ್ಚಾಗಿ ಹೃದಯಾಘಾತವಾದರೆ, ಗಾಯಗೊಂಡ ಸ್ನಾಯುವಿನಿಂದ ಕೆಳಕೋಣೆಗಳ ಅಪಾಯಕಾರಿ ಬಡಿತ ಹುಟ್ಟಬಹುದು. ಮೇಲಿನ ಕೋಣೆಗಳು ಅದುರುವ ಏಟ್ರಿಯಲ್ ಫಿಬ್ರಿಲೇಶನ್‌ನ ಲೆಕ್ಕವೇ ಬೇರೆ. ಅಮೆರಿಕದ ಆರಿಕ್ ಅಧ್ಯಯನದಲ್ಲಿ ಎಲ್‌ಡಿಎಲ್ ಹೆಚ್ಚಿದ್ದವರಲ್ಲೇ ಈ ತೊಂದರೆ ಕಡಿಮೆ ಕಂಡಿತು. ಫ್ರೇಮಿಂಗ್‌ಹ್ಯಾಮ್ ಮತ್ತು ಮೆಸಾ ಅಧ್ಯಯನಗಳಲ್ಲಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಹೆಚ್ಚಿದ್ದವರಿಗೆ, 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುವ ಎಚ್‌ಡಿಎಲ್ ತಗ್ಗಿದ್ದವರಿಗೆ ಅಪಾಯ ಹೆಚ್ಚು ಎಂದು ಕಂಡುಬಂತು. ಹಾಗಾಗಿ ಬಡಿತದ ವಿಚಾರಕ್ಕೆ ಲಿಪಿಡ್ (ರಕ್ತದ ಕೊಬ್ಬಿನ) ವರದಿಯನ್ನು ಓದುವ ಕ್ರಮವೂ ಬದಲಾಗಬೇಕು.

ಮೊದಲು ರಕ್ತ ಕೊಡುವುದು

ಎಲ್‌ಡಿಎಲ್, ಎಚ್‌ಡಿಎಲ್ ನೋಡಲು ಉಪವಾಸ ಕಡ್ಡಾಯವಲ್ಲ. ಟ್ರೈಗ್ಲಿಸರೈಡ್ ಮಾತ್ರ ಊಟದ ನಂತರ ಏರುವುದರಿಂದ 9ರಿಂದ 12 ಗಂಟೆ ಖಾಲಿ ಹೊಟ್ಟೆಯಲ್ಲಿದ್ದು ಕೊಟ್ಟರೆ ಗೊಂದಲವಿಲ್ಲ. ನೀರು ಕುಡಿಯಬಹುದು, ಸಕ್ಕರೆ ಹಾಕಿದ ಕಾಫಿ ಬೇಡ. ಹಿಂದಿನ ರಾತ್ರಿ ಮದ್ಯ ಸೇವಿಸಿದ್ದರೆ ಪರೀಕ್ಷೆಯನ್ನು ಮುಂದಕ್ಕೆ ಹಾಕಿ. ಮದ್ಯ ಟ್ರೈಗ್ಲಿಸರೈಡನ್ನೂ ಏರಿಸುತ್ತದೆ, ಬಡಿತವನ್ನೂ ಕೆಡಿಸುತ್ತದೆ. ವಾರಾಂತ್ಯದ ಪಾರ್ಟಿಯ ಮರುದಿನ ಎದೆ ಡವಡವ ಎಂದು ಆಸ್ಪತ್ರೆಗೆ ಬರುವವರು ಹೊಸಬರೇನಲ್ಲ.

ಅಂಕಿಗಳನ್ನು ಓದುವುದು

ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 260 ಇರುವ ವರದಿ ತೆಗೆದುಕೊಳ್ಳಿ (ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ). ಎಷ್ಟೋ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 52; 190ರಿಂದ 34 ಮತ್ತು 52 ಕಳೆದರೆ ಎಲ್‌ಡಿಎಲ್ 104. ಇದನ್ನಷ್ಟೇ ನೋಡಿ 'ಪರವಾಗಿಲ್ಲ' ಎಂದು ವರದಿ ಮಡಚಿಡುವವರೇ ಹೆಚ್ಚು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ ಬರುವ 156 ರಕ್ತನಾಳಕ್ಕೆ ಕೆಟ್ಟದಾದ ಕೊಬ್ಬಿನ ನಿಜವಾದ ಹೊರೆ ತೋರಿಸುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ನಂಬಬೇಡಿ, ನೇರವಾಗಿ ಅಳೆದ ಎಲ್‌ಡಿಎಲ್ ಕೇಳಿ.

ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ ಇರುವ ಈ ಜೋಡಿಯ ಹಿಂದೆ ಸಾಮಾನ್ಯವಾಗಿ ಹೊಟ್ಟೆಯ ಬೊಜ್ಜು, ಶುಗರ್, ಬಿಪಿ, ಗೊರಕೆಯ ಜೊತೆಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಅಡಗಿರುತ್ತದೆ. ಮೇಲಿನ ಕೋಣೆಯನ್ನು ಹಿಗ್ಗಿಸಿ ಬಡಿತ ಕೆಡಿಸುವವು ಮುಖ್ಯವಾಗಿ ಇವೇ. ಟ್ರೈಗ್ಲಿಸರೈಡ್ ಇವುಗಳ ಗುರುತು ಎಂದುಕೊಳ್ಳುವುದೇ ಸರಿ. ರಕ್ತದ ಇನ್ನೊಂದು ಬಗೆಯ ಕೊಬ್ಬಿನ ಕಣವಾದ ಲಿಪೊಪ್ರೋಟೀನ್ (ಎ) ವಂಶದಿಂದ ಬರುವಂಥದ್ದು. ಜೀವಮಾನದಲ್ಲಿ ಒಮ್ಮೆ ನೋಡಿಸಿದರೆ ಸಾಕು, 50 ದಾಟಿದರೆ ಹೆಚ್ಚು ಎಂದು ಅರ್ಥ.

ಇನ್ನು ಎಲ್‌ಡಿಎಲ್ ತೀರಾ ಕಡಿಮೆ ಇದ್ದರೆ? ಮಾತ್ರೆ, ಪಥ್ಯ ಏನೂ ಇಲ್ಲದೆ ಹಿಂದಿನ ವರ್ಷಕ್ಕಿಂತ ಅದು ಧುತ್ತನೆ ಇಳಿದಿದ್ದರೆ ಖುಷಿಪಡುವ ಮೊದಲು ಥೈರಾಯ್ಡ್ ರಕ್ತಪರೀಕ್ಷೆಯಾದ ಟಿಎಸ್‌ಎಚ್ ಮಾಡಿಸಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದಾಗ ಕೊಲೆಸ್ಟ್ರಾಲ್ ಇಳಿಯುತ್ತದೆ, ಅದೇ ಹೊತ್ತಿಗೆ ಬಡಿತ ತಪ್ಪಲೂಬಹುದು. ಕೂದಲು ಉದುರುವುದಕ್ಕೆಂದು ಬಯೋಟಿನ್ ವಿಟಮಿನ್ ನುಂಗುತ್ತಿದ್ದರೆ ಈ ಪರೀಕ್ಷೆಗೆ ಎರಡು ದಿನ ಮುಂಚೆ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದು ಥೈರಾಯ್ಡ್ ಫಲಿತಾಂಶವನ್ನೇ ತಪ್ಪಾಗಿ ತೋರಿಸುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಂಡು ಎಲ್‌ಡಿಎಲ್ ಇಳಿದಿದ್ದರೆ ಅದು ಬೇರೆ ಮಾತು. 'ಕೊಲೆಸ್ಟ್ರಾಲ್ ಕಡಿಮೆಯಾದರೆ ಬಡಿತ ಕೆಡುತ್ತದಂತೆ' ಎಂದು ಮಾತ್ರೆ ಬಿಟ್ಟರೆ ಹೃದಯಾಘಾತಕ್ಕೆ ನೀವೇ ಬಾಗಿಲು ತೆರೆದಂತೆ.

ನಾಡಿ ನೋಡುವುದು

ಬಡಿತ ಸರಿಯಿದೆಯೇ ಎಂದು ಯಾವ ಲಿಪಿಡ್ ವರದಿಯೂ ಹೇಳಲಾರದು. ಐದು ನಿಮಿಷ ಸುಮ್ಮನೆ ಕುಳಿತು, ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕೆಳಗೆ ತೋರು ಮತ್ತು ನಡುಬೆರಳನ್ನು ಮೆಲ್ಲಗೆ ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದರದೇ ಮಿಡಿತ ಸಿಕ್ಕಿಬಿಡುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಾಳದ ಏರುಪೇರು ತಪ್ಪಿಹೋಗುತ್ತದೆ. ನಡುನಡುವೆ ಒಂದು ಮಿಡಿತ ಬಿಟ್ಟು ಮತ್ತೆ ಸರಿಹೋಗುವುದು ಬಹುಪಾಲು ನಿರಪಾಯಕಾರಿ. ಎರಡು ಮಿಡಿತಗಳ ಅಂತರ ಒಂದರಂತೆ ಒಂದಿಲ್ಲ, ಮುಂದಿನದು ಯಾವಾಗ ಎಂದು ಊಹಿಸಲೂ ಆಗದು ಎಂದಾದರೆ ಇಸಿಜಿ ಮಾಡಿಸಿ. ತೊಂದರೆ ಬಂದುಹೋಗುವ ಜಾತಿಯದಾದರೆ ಹತ್ತು ಸೆಕೆಂಡಿನ ಇಸಿಜಿ ನಾರ್ಮಲ್ ಬರಬಹುದು; ಆಗ 24 ಗಂಟೆ ಮೈಮೇಲೆ ಕಟ್ಟಿಕೊಂಡು ಬಡಿತ ದಾಖಲಿಸುವ ಹೋಲ್ಟರ್ ಕೇಳಿ. ಎದೆನೋವು, ಪ್ರಜ್ಞೆ ತಪ್ಪುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ವರದಿ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ.

ಮೀನೆಣ್ಣೆ ಮಾತ್ರೆಯ ವಿಚಾರ

ಟ್ರೈಗ್ಲಿಸರೈಡ್ ಇಳಿಸಲು ಮೆಡಿಕಲ್ ಶಾಪಿನಿಂದ ಒಮೆಗಾ-3 ತಂದು ನುಂಗುವುದು ಈಗ ರೂಢಿ. ಇಪಿಎ ಎಂಬ ಒಮೆಗಾ-3ರ ಶುದ್ಧೀಕರಿಸಿದ ಔಷಧಿಯನ್ನು ದಿನಕ್ಕೆ 4 ಗ್ರಾಂ ಕೊಟ್ಟು ನೋಡಿದ ರೆಡ್ಯೂಸ್-ಇಟ್ ಪ್ರಯೋಗದಲ್ಲಿ ಹೃದಯಾಘಾತ ಕಡಿಮೆಯಾಯಿತು, ಆದರೆ ಏಟ್ರಿಯಲ್ ಫಿಬ್ರಿಲೇಶನ್‌ನಿಂದ ಆಸ್ಪತ್ರೆ ಸೇರಿದವರು ಔಷಧಿಯಿಲ್ಲದ ಮಾತ್ರೆ ಪಡೆದವರಲ್ಲಿ ನೂರಕ್ಕೆ 2.1, ಔಷಧಿ ಪಡೆದವರಲ್ಲಿ 3.1. ಬಡಿತದ ತೊಂದರೆ ಒಮ್ಮೆಯಾದರೂ ಬಂದಿದ್ದರೆ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬೇಡಿ. ಡಬ್ಬಿಯ ಮುಂದೆ ದಪ್ಪಗೆ ಬರೆದ 1000 ಮಿಲಿಗ್ರಾಂ ಬರೀ ಎಣ್ಣೆಯ ತೂಕ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಇಪಿಎ, ಡಿಎಚ್‌ಎ ಎಂದು ನಿಜವಾದ ಒಮೆಗಾ-3ರ ಅಳತೆ ಇರುತ್ತದೆ. ಸಾಮಾನ್ಯ ಮಾತ್ರೆಯಲ್ಲಿ ಎರಡೂ ಸೇರಿ 300 ಮಿಲಿಗ್ರಾಂ. ವೈದ್ಯರಿಗೆ ಹೇಳಬೇಕಾದ್ದು ಆ ಅಂಕಿ.