ಕೊಡಕ್ಕೆ 48 ಒತ್ತು

ನಾನು ಮೊದಲು ಮಾಡಿದ್ದು ಒಂದು ಡಬ್ಬಿ. ಅದನ್ನು ಕೈಪಂಪಿನ ಹಿಡಿಕೆಗೆ ಕಟ್ಟಿದರೆ ಹಿಡಿಕೆ ಎಷ್ಟು ಸಲ ಏರಿಳಿಯಿತು ಎಂದು ಎಣಿಸುತ್ತಿತ್ತು. ಇಡೀ ದಿನ ಹಿಡಿಕೆ ಅಲುಗಾಡದಿದ್ದರೆ ಪಂಪು ಕೆಟ್ಟಿದೆ ಎಂದು ನೀರಿನ ಕಚೇರಿಯ ಮೊಬೈಲಿಗೆ ಸಂದೇಶ ಕಳಿಸುತ್ತಿತ್ತು. ಒಳಗೆ ಒಂದು ಬ್ಯಾಟರಿ, ಒಂದು ಸಿಮ್, ವಾಲಿದರೆ ತಾಗುವ ಒಂದು ಸ್ವಿಚ್ಚು, ಅಷ್ಟೇ. ಇದಕ್ಕೆ ವೇದಿಕೆಯ ಮೇಲೆ ಚಪ್ಪಾಳೆ ಬಿತ್ತು, ಒಂದು ಫಲಕವೂ ಸಿಕ್ಕಿತು. ಫೋಟೊದಲ್ಲಿ ನಾನು ಪಂಪಿಗೆ ಒರಗಿ ನಿಂತಿದ್ದೇನೆ. ಆ ಪಂಪಿನಿಂದ ನಾನು ಒಂದು ದಿನವೂ ನೀರು ಹೊತ್ತವನಲ್ಲ.

ನಾಲ್ಕು ತಿಂಗಳಲ್ಲಿ ಡಬ್ಬಿಯೊಳಗೆ ನೀರು ಸೇರಿ ತುಕ್ಕು ಹಿಡಿಯಿತು. ಕೆಟ್ಟುನಿಂತ ಪಂಪಿನ ಹಿಡಿಕೆಗೆ ಮಕ್ಕಳು ಜೋತಾಡಿದರೆ ಪಂಪು ಚೆನ್ನಾಗಿದೆ ಎಂದೇ ಅದು ಲೆಕ್ಕ ಹಾಕುತ್ತಿತ್ತು. ಇವೆಲ್ಲ ತಿದ್ದಬಹುದಾದ ದೋಷಗಳು. ತಿದ್ದಲಾಗದ ದೋಷವನ್ನು ನನಗೆ ತೋರಿಸಿದವರು ಆ ಪಂಪಿನ ಎದುರು ಮನೆಯ, ಅರವತ್ತು ದಾಟಿದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ.

"ಕೆಟ್ಟಿದೆ ಅಂತ ತಿಳಿಸುತ್ತದೆ ಅಂದೆಯಲ್ಲ ತಮ್ಮಾ, ಖಾಲಿ ಕೊಡ ಹಿಡಿದು ನಿಂತವರಿಗೆ ಅದು ಗೊತ್ತಾಗುವುದಿಲ್ಲವೇ? ಕೆಡುವ ಮೊದಲೇ ತಿಳಿಸುತ್ತದೆಯೇ?"

ಇಲ್ಲ ಅಕ್ಕ ಎಂದೆ.

"ನನ್ನ ಕೈ ತಿಳಿಸುತ್ತದೆ. ಈ ಪಂಪು ಹೊಸದರಲ್ಲಿ ಕೊಡಕ್ಕೆ 48 ಒತ್ತು ತೆಗೆದುಕೊಳ್ಳುತ್ತಿತ್ತು. ಈಗ 61 ಬೇಕು. ಹೋದ ಸಲ 70 ದಾಟಿದ ಮೇಲೆ ಹದಿನೈದು ದಿನಕ್ಕೆ ನಿಂತುಹೋಯಿತು."

ಅವರ ಕೊಡವನ್ನು ಅಳೆದು ನೋಡಿದೆ. 15 ಲೀಟರಿಗೆ ಚೂರು ಕಡಿಮೆ. ನಾನೇ ಎಣಿಸುತ್ತಾ ಒತ್ತಿದೆ, 62 ಬಂತು. "ನೀನು ಹಿಡಿಕೆಯನ್ನು ಪೂರ್ತಿ ಎತ್ತುವುದಿಲ್ಲ" ಎಂದರು. ಪೂರ್ತಿ ಎತ್ತಿ ಒತ್ತಿದರೆ 61.

ದಕ್ಷಿಣ ಆಫ್ರಿಕಾದಲ್ಲಿ, ಮಕ್ಕಳು ಆಡುತ್ತಾ ತಿರುಗಿಸುವ ಗಾಲಿಯಿಂದ ನೀರೆತ್ತುವ ಪಂಪೊಂದು ಬಂದಿತ್ತು. ಜಗತ್ತೆಲ್ಲ ಅದನ್ನು ಹೊಗಳಿತು. ಆಮೇಲೆ ನೋಡಿದರೆ ಮಕ್ಕಳು ಬಾರದ ಹೊತ್ತಿನಲ್ಲಿ ಹೆಂಗಸರೇ ಆ ಗಾಲಿಯನ್ನು ತಳ್ಳಬೇಕಾಗಿತ್ತು. ಅದನ್ನು ಓದಿ ಒಂದು ಕಾಲಕ್ಕೆ ನಾನು ನಕ್ಕಿದ್ದೆ. ನನ್ನ ಡಬ್ಬಿಯೂ ಅದೇ ಜಾತಿಯದು ಎಂದು ಆ ದಿನ ಒಪ್ಪಿಕೊಂಡೆ. ಈಗ ಅದರಲ್ಲಿ ಸೀಮೆಸುಣ್ಣ ಇಡುತ್ತೇವೆ.

ಅಕ್ಕನ ಎಣಿಕೆಗೆ ಪಂಪಿನ ಹೊಟ್ಟೆಯಲ್ಲಿ ಕಾರಣವಿದೆ. ನೀರಿನೊಳಗೆ ಮುಳುಗಿರುವ ಸಿಲಿಂಡರಿನಲ್ಲಿ ಬಟ್ಟಲಿನ ಆಕಾರದ ವಾಷರುಗಳು ಗೋಡೆಗೆ ಒತ್ತಿಕೊಂಡು ಮೇಲೆ ಕೆಳಗೆ ಓಡಾಡುತ್ತವೆ. ಮರಳಿನ ಕಣ ಬಂದಷ್ಟೂ ಅವು ಸವೆಯುತ್ತವೆ. ಸವೆದಷ್ಟೂ ಪ್ರತಿ ಒತ್ತಿಗೆ ನೀರು ಪಕ್ಕದಿಂದ ಜಾರಿ ಕೆಳಗೆ ಉಳಿಯುತ್ತದೆ, ಕೊಡ ತುಂಬಲು ಹೆಚ್ಚು ಒತ್ತು ಬೇಕಾಗುತ್ತದೆ. ಇನ್ನೊಂದು ಎಣಿಕೆಯೂ ಇದೆ, ಅದನ್ನೂ ಅಕ್ಕನೇ ಹೇಳಿದರು: ಬೆಳಗ್ಗೆ ಮೊದಲು ಬಂದವರು ಎಷ್ಟು ಒತ್ತಿದ ಮೇಲೆ ಮೊದಲ ಹನಿ ಬಿತ್ತು? ಒಳ್ಳೆಯ ಪಂಪಿನಲ್ಲಿ ಮೂರು ನಾಲ್ಕಕ್ಕೆ ನೀರು ಬರುತ್ತದೆ, ಏಕೆಂದರೆ ಪೈಪು ರಾತ್ರಿಯಿಡೀ ತುಂಬಿಯೇ ಇರುತ್ತದೆ. ಹದಿನೈದು ಇಪ್ಪತ್ತು ಬೇಕಾದರೆ ಬುಡದ ವಾಲ್ವು ಸೋರುತ್ತಿದೆ, ಇಲ್ಲವೇ ಪೈಪಿನ ಜೋಡಣೆಯಲ್ಲಿ ತೂತು ಬಿದ್ದಿದೆ. ಮೊದಲ ಹನಿಯ ಎಣಿಕೆ ಏರಿದರೆ ವಾಲ್ವು ಅಥವಾ ಪೈಪು, ಕೊಡದ ಎಣಿಕೆ ಏರಿದರೆ ವಾಷರು. ಪಂಪನ್ನು ಬಿಚ್ಚದೆಯೇ ರೋಗ ಎಲ್ಲಿದೆ ಎಂದು ಅರ್ಧ ತಿಳಿಯುತ್ತದೆ. ತಾಂತ್ರಿಕ ತರಬೇತಿ ಪಡೆದ ನನಗೆ ಇದನ್ನು ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ.

ಇದನ್ನು ದಾಖಲಿಸಬೇಕು ಎನಿಸಿತು. ಅಲ್ಲಿಯೂ ನನ್ನ ಬುದ್ಧಿ ನೆಟ್ಟಗಾಗಲಿಲ್ಲ. ಹದಿನಾಲ್ಕು ಕಲಮುಗಳ ಒಂದು ನಮೂನೆ ಮಾಡಿ, ಅಚ್ಚು ಹಾಕಿಸಿ ಹಂಚಿದೆ. ಎರಡು ವಾರದ ಮೇಲೆ ಹೋಗಿ ನೋಡಿದರೆ ಒಂದು ಮನೆಯಲ್ಲಿ ಅದು ಕಪಾಟಿನ ತಳಕ್ಕೆ ಹಾಸಾಗಿತ್ತು. ಕಡೆಗೆ ಪಂಪಿನ ಪಕ್ಕದ ಗೋಡೆಗೆ ಎರಡು ಮೊಳ ಅಗಲ ಕಪ್ಪು ಬಣ್ಣ ಬಳಿದೆವು. ಪ್ರತಿ ಸೋಮವಾರ ಬೆಳಗ್ಗೆ ಮೊದಲು ಬಂದವರು ಎರಡು ಅಂಕಿ ಬರೆಯಬೇಕು, ಮೊದಲ ಹನಿಯದು ಮತ್ತು ಅಕ್ಕನ ಕೊಡದ್ದು. ಕೊಡ ಮಾತ್ರ ಅದೇ ಆಗಿರಬೇಕು ಎಂದು ಹಟ ಹಿಡಿದೆವು, ಕೊಡ ಬದಲಾದರೆ ಲೆಕ್ಕ ಕೆಡುತ್ತದೆ. ಬರೆಯಲು ಬಾರದವರು ಮಕ್ಕಳಿಂದ ಬರೆಸಿದರು. ಬಳಕೆಯಲ್ಲಿದ್ದ ಮೂರೂ ಪಂಪುಗಳ ಪಕ್ಕದಲ್ಲಿ ಹೀಗೆ ಗೋಡೆ ಕಪ್ಪಾಯಿತು.

ಇನ್ನು ಕಚೇರಿಯ ಕಥೆ. ಹಿಂದೊಮ್ಮೆ 112 ಸಹಿಗಳ ಮನವಿ ಕೊಟ್ಟಿದ್ದೆವು, ಅದು ಕಡತ ಸೇರಿತ್ತು. ಈ ಸಲ ನಾನೊಬ್ಬನೇ ಓದಿಕೊಂಡು ಹೋದೆ. ಸಹಾರಾದ ದಕ್ಷಿಣಕ್ಕಿರುವ 20 ದೇಶಗಳ ಅಂಕಿಗಳನ್ನು 2009ರಲ್ಲಿ ಒಟ್ಟುಗೂಡಿಸಿದಾಗ ಕೈಪಂಪುಗಳಲ್ಲಿ ನೂರಕ್ಕೆ 36 ಕೆಟ್ಟುನಿಂತಿದ್ದವು ಎಂದೆ. 1980ರ ದಶಕದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ವಿಶ್ವಬ್ಯಾಂಕಿನ ಪಂಪು ಯೋಜನೆ ಹಳ್ಳಿಯವರೇ ರಿಪೇರಿ ಮಾಡಬಲ್ಲ ಪಂಪೇ ಬಾಳುವ ಪಂಪು ಎಂಬ ತತ್ವವನ್ನು ಮುಂದಿಟ್ಟಿತು ಎಂದೆ. ಎಂಜಿನಿಯರು ಸೌಜನ್ಯದಿಂದ ತಲೆಯಾಡಿಸಿದರು. ಆಫ್ರಿಕಾದ ಅಂಕಿ ಇಟ್ಟುಕೊಂಡು ಅವರು ತಾನೇ ಏನು ಮಾಡಬೇಕು? "ನಿಮ್ಮ ಕಡೆಯಿಂದ ದೂರೇ ಬಂದಿಲ್ಲವಲ್ಲ" ಎಂದು ಕೇಳಿ ಎದ್ದರು.

ಆಮೇಲೆ ಆರು ತಿಂಗಳು ಕೆಲಸ ಒಂದೇ. ಪಂಪು ನಿಂತ ದಿನ, ದೂರು ಕೊಟ್ಟ ದಿನ, ಸ್ವೀಕೃತಿಯ ಸಂಖ್ಯೆ, ಮೆಕ್ಯಾನಿಕ್ ಬಂದ ದಿನ, ಕೆಲಸ ಶುರುವಾದ ಗಂಟೆ, ಮುಗಿದ ಗಂಟೆ ಬರೆದಿಡುವುದು. ಹಾಳೆ ಒಂದೇ ಪುಟದ್ದು. ಅಕ್ಕನ ಮನೆ ಎದುರಿನ ಪಂಪು ಮೂರು ಸಲ ನಿಂತಿತ್ತು, ಒಟ್ಟು 47 ದಿನ ನೀರಿಲ್ಲ. ಮೂರೂ ಸಲದ ರಿಪೇರಿ ಸೇರಿಸಿದರೆ ಏಳು ಗಂಟೆಯೂ ಆಗಲಿಲ್ಲ. ಉಳಿದದ್ದೆಲ್ಲ ಕಾಯುವಿಕೆ. ಮೆಕ್ಯಾನಿಕ್ ಸೋಮಾರಿಯಾಗಿರಲಿಲ್ಲ, ಅವರೊಬ್ಬರೇ ಎಷ್ಟೋ ಊರು ತಿರುಗಬೇಕಿತ್ತು. ಈ ಮಾತನ್ನೂ ಹಾಳೆಯ ಕೆಳಗೆ ಬರೆದೆವು. ಅದನ್ನು ಬರೆಯಿಸಿದ್ದು ಅಕ್ಕ. ನನಗಾಗಿದ್ದರೆ ಬೈಯುವ ಉಮೇದಿತ್ತು.

ಹಾಳೆ ಹಿಡಿದು ಈ ಸಲ ಐದು ಜನ ಹೋದೆವು. ಮಾತಾಡಿದವರು ಅಕ್ಕ. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು: "ಸ್ವಾಮಿ, ಪಂಪು ಚೆನ್ನಾಗಿದೆ ಅನ್ನಲು ಎಷ್ಟು ಒತ್ತಿಗೆ ಎಷ್ಟು ನೀರು ಬೀಳಬೇಕು? ನಿಮ್ಮ ಪುಸ್ತಕದಲ್ಲಿ ಬರೆದಿರಬೇಕಲ್ಲ."

ಎಂಜಿನಿಯರು ಒಂದು ಕ್ಷಣ ಅವರ ಮುಖ ನೋಡಿ, ಕಪಾಟಿನಿಂದ ಕೈಪಿಡಿ ತೆಗೆದರು. ಒಂದು ನಿಮಿಷದಲ್ಲಿ 40 ಒತ್ತು ಒತ್ತಿ ಬಿದ್ದ ನೀರನ್ನು ಅಳೆಯುವ ಪರೀಕ್ಷೆ ಅದರಲ್ಲಿತ್ತು. "ಹಾಗಾದರೆ ನಾವೂ ಅದನ್ನೇ ಮಾಡುತ್ತಿದ್ದೇವೆ, ನಿಮ್ಮದು ಒತ್ತು ಹಿಡಿದು ನೀರಿನ ಲೆಕ್ಕ, ನಮ್ಮದು ಕೊಡ ಹಿಡಿದು ಒತ್ತಿನ ಲೆಕ್ಕ" ಎಂದು ಅಕ್ಕ ಗೋಡೆಯ ಅಂಕಿಗಳ ನಕಲನ್ನು ಮುಂದಿಟ್ಟರು. ಆಮೇಲೆ ಅವರಿಬ್ಬರೇ ಮಾತಾಡಿದರು, ನಾವು ಕೇಳಿಸಿಕೊಂಡೆವು.

ನಾವು ಹೊಸ ಪಂಪು ಕೇಳಲಿಲ್ಲ. ಒಂದು ಸೆಟ್ ಉಪಕರಣ, ವಾಷರುಗಳು, ಬಿಚ್ಚಿ ಜೋಡಿಸಲು ಅನುಮತಿ, ಅದೂ ಒಂದೇ ಪಂಪಿಗೆ, ಮೂರು ತಿಂಗಳ ಮಟ್ಟಿಗೆ. ಸಣ್ಣದನ್ನು ಕೇಳಿದರೆ ಇಲ್ಲ ಎನ್ನುವವರಿಗೆ ಕಷ್ಟ. ಆದರೂ ಪಕ್ಕದ ಮೇಜಿನವರೊಬ್ಬರು "ಹೆಂಗಸರ ಕೈಲಿ ಪೈಪು ಎತ್ತಲಾಗುತ್ತದೆಯೇ" ಎಂದರು. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ 1990ರ ದಶಕದಲ್ಲೇ ಮಹಿಳಾ ಸಮಾಖ್ಯಾ ಎಂಬ ಸರ್ಕಾರಿ ಕಾರ್ಯಕ್ರಮದ ಹೆಂಗಸರು ಕೈಪಂಪು ರಿಪೇರಿ ಕಲಿತು ಹಳ್ಳಿಹಳ್ಳಿ ತಿರುಗಿದ್ದನ್ನು ನಾನು ಹೇಳಿದೆ. ಓದಿದ್ದು ಅಷ್ಟಕ್ಕಾದರೂ ಒದಗಿತು. ಅಷ್ಟೇಕೆ, ನಮ್ಮ ಬೀದಿಗಳಲ್ಲಿರುವ ಇಂಡಿಯಾ ಮಾರ್ಕ್ 2 ಪಂಪಿನ ಬೇರು ಇರುವುದೇ ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರದ ಸಣ್ಣ ಕಾರ್ಯಾಗಾರಗಳಲ್ಲಿ. ಒಂದು ಮನೆಯ ಬಳಕೆಗೆಂದು ಎರಕ ಹೊಯ್ದ ಪಂಪುಗಳು ಇಡೀ ಊರಿನ ಒತ್ತಿಗೆ ಮುರಿಯುತ್ತಿದ್ದುದನ್ನು ಕಂಡು ಅಲ್ಲಿಯವರು ಗಟ್ಟಿ ಪಂಪು ಕಟ್ಟಿದರು. 1970ರ ದಶಕದಲ್ಲಿ ಯುನಿಸೆಫ್ ಮತ್ತು ಸರ್ಕಾರ ಸೇರಿ ಅದನ್ನು ತಿದ್ದಿ ಬೆಳೆಸಿದ್ದು ಆಮೇಲೆ.

ಪೈಪು ಎತ್ತುವುದು ಕಷ್ಟ ಎಂಬ ಮಾತು ಮಾತ್ರ ಸುಳ್ಳಲ್ಲ. ಮಾರ್ಕ್ 2ರಲ್ಲಿ ಪೈಪು ಸಿಲಿಂಡರಿಗಿಂತ ಕಿರಿದು. ಅಂಗೈಯಷ್ಟು ವಾಷರು ಬದಲಿಸಲು ಪೈಪು, ರಾಡು, ಸಿಲಿಂಡರು ಎಲ್ಲವನ್ನೂ ಮೇಲೆತ್ತಬೇಕು. ನಮ್ಮದು ಮೂರು ಮೀಟರಿನ ಹತ್ತು ಪೈಪು, ಭಾರ ನೂರು ಕಿಲೋ ದಾಟುತ್ತದೆ. ಅದರ ಮುಂದಿನ ಮಾದರಿಯಾದ ಮಾರ್ಕ್ 3ರಲ್ಲಿ ಪೈಪೇ ಅಗಲವಾಗಿದ್ದು ರಾಡು ಎಳೆದರೆ ವಾಷರು ಅದರ ಜೊತೆ ಬಂದುಬಿಡುತ್ತದೆ. ನಮ್ಮ ಮೂರು ಪಂಪುಗಳಲ್ಲಿ ಒಂದನ್ನು ಮುಂದೆ ಹಾಗೆ ಬದಲಿಸಿಕೊಂಡೆವು.

ಮೊದಲ ಸಲ ಬಿಚ್ಚಿದ ದಿನ ನೆನಪಿದೆ. ಮೇಲಿನ ಮುಚ್ಚಳದ ಬೋಲ್ಟು, ಚೈನು, ಹಿಡಿಕೆ, ನೀರಿನ ತೊಟ್ಟಿ, ಎಲ್ಲ ಸಲೀಸಾಗಿ ಬಂದವು. ಒಂದೊಂದು ಪೈಪು ಮೇಲೆ ಬಂದಾಗಲೂ ಕೆಳಗಿನದನ್ನು ಕ್ಲ್ಯಾಂಪು ಕಚ್ಚಿ ಹಿಡಿದಿರಬೇಕು, ಆಮೇಲೆ ಮೇಲಿನದನ್ನು ತಿರುಗಿಸಿ ಬಿಚ್ಚಬೇಕು. ಏಳನೆಯ ಪೈಪಿನ ಹೊತ್ತಿಗೆ ಬಿಸಿಲು ಏರಿತ್ತು. ಅಲ್ಲಿ ಸೇರಿದವರಲ್ಲಿ ತರಬೇತಿ ಪಡೆದವನು ನಾನೊಬ್ಬನೇ, ಕ್ಲ್ಯಾಂಪು ನನ್ನ ಪಾಲಿಗಿತ್ತು. ಪೂರ್ತಿ ಬಿಗಿಯಲಿಲ್ಲ. ಪೈಪು ಕೈಯಿಂದ ಕಳಚಿದ ಸದ್ದು ದೊಡ್ಡದೇನಲ್ಲ, ಉಸ್ಸೆಂದು ಗಾಳಿ ಮೇಲೆ ಬಂತು, ಆಮೇಲೆ ಕೆಳಗೆಲ್ಲೋ ಠಣ್ ಎಂದಿತು. ಮೂರು ಪೈಪು, ಸಿಲಿಂಡರು ಕೊಳವೆಬಾವಿಯ ತಳ ಸೇರಿದ್ದವು. ಯಾರೂ ಮಾತಾಡಲಿಲ್ಲ.

ಕಚೇರಿಯ ಮೆಕ್ಯಾನಿಕ್ ಬಂದು ಕೊಕ್ಕೆ ಬಿಟ್ಟು ಅವನ್ನು ಎತ್ತಿಕೊಡುವ ಹೊತ್ತಿಗೆ ಎಂಟು ದಿನವಾಯಿತು. ಜನ ಬೈದರು, ಬೈಯಬೇಕಾದದ್ದೇ. ನಾನು ಎರಡು ದಿನ ಆ ಬೀದಿಗೆ ಹೋಗಲಿಲ್ಲ. ಮೂರನೆಯ ದಿನ ಹೋದರೆ ಕಪ್ಪು ಗೋಡೆಯ ಮೇಲೆ ಆ ವಾರದ ಜಾಗದಲ್ಲಿ ಅಕ್ಕ ಮೊಮ್ಮಗಳಿಂದ ಬರೆಸಿದ್ದರು: "ಬಂದ್. ಕಾರಣ ನಾವು." ನಾನು ಎಂದು ಬರೆಸಿರಲಿಲ್ಲ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಮನೆಗಿಷ್ಟು ಎಂದು ಎತ್ತಿದೆವು, ಖರ್ಚನ್ನು ಅದೇ ಗೋಡೆಗೆ ಬರೆದೆವು. ಹೆಚ್ಚು ಕೊಡಲು ಬಂದ ಒಬ್ಬರಿಗೆ ಪಂಪಿನ ಮೇಲೆ ತಮ್ಮ ಹೆಸರು ಬರೆಸುವ ಆಸೆಯಿತ್ತು. ಬೇಡ ಎಂದೆವು, ಅವರು ಕೊಡುವುದನ್ನೇ ನಿಲ್ಲಿಸಿದರು. ಹಂಚಿಕೊಂಡು ಬಳಸುವ ನೀರು, ಕಾಡು, ಮೀನುಗಾರಿಕೆಗಳನ್ನು ಜೀವಮಾನವಿಡೀ ಅಧ್ಯಯನ ಮಾಡಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಬಾಳಿಕೆ ಬಂದ ವ್ಯವಸ್ಥೆಗಳಲ್ಲಿ ಕಾವಲು ಕಾಯುವವರು ಬಳಕೆದಾರರೇ ಆಗಿರುತ್ತಾರೆ, ಇಲ್ಲವೇ ಬಳಕೆದಾರರಿಗೆ ಉತ್ತರ ಹೇಳಬೇಕಾದವರಾಗಿರುತ್ತಾರೆ ಎಂದು ಕಂಡುಕೊಂಡಿದ್ದರು. ನಮ್ಮ ಲೆಕ್ಕ ನೋಡುವವರು ಅದೇ ಪಂಪಿನಲ್ಲಿ ಸಾಲು ನಿಲ್ಲುವವರು. ಚೂರು ವ್ಯತ್ಯಾಸವಾದರೂ ನೀರು ಹಿಡಿಯುವ ಹೊತ್ತಿಗೆ ಮುಖದ ಮೇಲೆಯೇ ಕೇಳುತ್ತಾರೆ. ಮುಂದಿನ ಒಂದು ವರ್ಷದಲ್ಲಿ ಆ ಪಂಪು ನಿಂತದ್ದು 11 ದಿನ. ಅದರಲ್ಲಿ ಎಂಟು ನನ್ನ ಲೆಕ್ಕದ್ದು.

ಇಷ್ಟಾದ ಮೇಲೆ ನಮಗೆ ಸ್ವಲ್ಪ ಜಂಬ ಬಂತು ಎನ್ನಬೇಕು. ಗುಡ್ಡದ ಆಚೆಯ ವಸತಿಗೆ ಹೋಗಿ ಅಲ್ಲಿಯ ಗೋಡೆಗೂ ಕಪ್ಪು ಬಳಿದು, ಎರಡು ಎಣಿಕೆ ಹೇಳಿಕೊಟ್ಟು ಬಂದೆವು. ಎರಡು ತಿಂಗಳು ಒಂದು ಅಂಕಿಯೂ ಬೀಳಲಿಲ್ಲ. ಆಸಕ್ತಿಯಿಲ್ಲದ ಜನ ಎಂದು ನಾನು ಎರಡು ಸಭೆಯಲ್ಲಿ ಹೇಳಿಯೂಬಿಟ್ಟೆ. ಅವರು ಮೊದಲ ದಿನವೇ ನೀರು ಕೆಂಪು ಬರುತ್ತದೆ ಎಂದಿದ್ದರು. ಅದು ಬೇರೆ ವಿಷಯ, ಮೊದಲು ಎಣಿಕೆ ಎಂದು ನಾನು ಮಾತು ತಿರುಗಿಸಿದ್ದೆ.

ಮೂರನೆಯ ಸಲ ಅಕ್ಕನೂ ಬಂದರು. ಪಂಪಿನ ಕಟ್ಟೆಯ ಮೇಲೆ ಕುಳಿತು, ಸುಮ್ಮನೆ ನೀರು ಹಿಡಿಯುವವರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಬ್ಬಾಕೆಯನ್ನು ಕೇಳಿದರು: "ಬೆಳಗ್ಗೆ ಎಷ್ಟನೆಯ ಕೊಡಕ್ಕೆ ತಿಳಿಯಾಗುತ್ತದೆ ತಂಗಿ?"

"ನಾಲ್ಕನೆಯದಕ್ಕೆ" ಎಂದಳು ಆಕೆ, ಒತ್ತುವುದನ್ನು ನಿಲ್ಲಿಸದೆ. "ಹೋದ ವರ್ಷ ಎರಡು ಚೆಲ್ಲಿದರೆ ಸಾಕಾಗುತ್ತಿತ್ತು. ಈಗ ಮೂರು ಚೆಲ್ಲಬೇಕು. ಮಧ್ಯಾಹ್ನ ಬಂದರೆ ಮೊದಲಿನಿಂದಲೂ ತಿಳಿಯೇ."

ರಾತ್ರಿಯಿಡೀ ನಿಂತ ನೀರು ಮಾತ್ರ ಕೆಂಪು, ಎಳೆದಂತೆ ತಿಳಿ. ಹಾಗಿದ್ದರೆ ಕಬ್ಬಿಣದ ಅಂಶ ಬಹುಪಾಲು ನೆಲದ್ದಲ್ಲ, ಹುಳಿ ನೀರಿಗೆ ಸಿಕ್ಕಿದ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಒಳಗೊಳಗೇ ತಿನ್ನಿಸಿಕೊಳ್ಳುತ್ತಿದೆ. ವಾಷರಿಗೂ ಇದಕ್ಕೂ ಸಂಬಂಧವೇ ಇಲ್ಲ. ಅವರು ಎಣಿಸುತ್ತಲೇ ಇದ್ದರು, ನಾನು ಕೇಳಿದ್ದನ್ನಲ್ಲ ಅಷ್ಟೆ. ಅಕ್ಕ ನನ್ನ ಕಡೆ ತಿರುಗಿ ಕೈ ಚಾಚಿದರು. ಡಬ್ಬಿ ತೆರೆದು ಸೀಮೆಸುಣ್ಣ ಕೊಟ್ಟೆ.