ಎಸ್. ಚಂದ್ರಶೇಖರ್ ಎಂದರೆ ಯಾರು?

ಶಾಲಾ ಗ್ರಂಥಾಲಯಗಳಿಗೆಂದು ಸಿದ್ಧವಾಗುತ್ತಿದ್ದ ಒಂದು ವ್ಯಕ್ತಿಕೋಶಕ್ಕೆ ಹೆಸರುಸೂಚಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದೇ ಹೆಸರಿನ ಗಣ್ಯರನ್ನು ಒಂದೆಡೆ ತಂದು, ಯಾರು ಯಾರೆಂದು ಮಕ್ಕಳಿಗೆ ಥಟ್ಟನೆ ತಿಳಿಯುವಂತೆ ಬರೆಯಬೇಕು. ಆ ಕೆಲಸದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ ಹೆಸರು ‘ಚಂದ್ರಶೇಖರ’.

ಮೊದಲೇ ಒಂದು ನಿಯಮ ಹಾಕಿಕೊಂಡೆ: ಚೀಟಿಯ ಮೇಲೆ ಇನಿಷಿಯಲ್ ಕೂಡದು. ಪೂರ್ಣ ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ ಮತ್ತು ಊರು, ದುಡಿದ ಕ್ಷೇತ್ರ, ಇಷ್ಟು ತುಂಬಿದ ಮೇಲೆಯೇ ಸಾಧನೆಯ ಮಾತು. ಈ ಹಟ ಎಷ್ಟು ಅಗತ್ಯವೆಂಬುದು ‘ಎಸ್. ಚಂದ್ರಶೇಖರ್’ ಎಂಬ ಹೆಸರಿನ ಮುಂದೆ ನಿಂತಾಗಲೇ ಮನವರಿಕೆಯಾಯಿತು. ಆ ಹೆಸರಿನಲ್ಲಿ ಮೂವರು ಎದುರಾದರು.

ಒಬ್ಬರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1910ರಲ್ಲಿ ಲಾಹೋರಿನಲ್ಲಿ ಹುಟ್ಟಿದರು. ಇಂಧನ ಮುಗಿದು ಕುಗ್ಗಿದ ‘ಶ್ವೇತಕುಬ್ಜ’ ನಕ್ಷತ್ರದ ದ್ರವ್ಯರಾಶಿ ಸೂರ್ಯನ ಸುಮಾರು 1.4 ಪಟ್ಟನ್ನು ಮೀರಲಾರದೆಂಬ ಮಿತಿ ಇವರ ಹೆಸರಿನಲ್ಲಿದೆ. 1983ರ ನೊಬೆಲ್ ಪ್ರಶಸ್ತಿಯನ್ನು ವಿಲಿಯಂ ಫೌಲರ್ ಅವರೊಂದಿಗೆ ಹಂಚಿಕೊಂಡರು. ಎರಡನೆಯವರು 1930ರಲ್ಲಿ ಹುಟ್ಟಿದ ಶಿವರಾಮಕೃಷ್ಣ ಚಂದ್ರಶೇಖರ್. ಕಡ್ಡಿಯಂತಹ ಅಣುಗಳಷ್ಟೇ ಅಲ್ಲ, ಬಿಲ್ಲೆಯಂತಹ ಅಣುಗಳೂ ದ್ರವ ಸ್ಫಟಿಕವಾಗುತ್ತವೆ (ದ್ರವದಂತೆ ಹರಿದರೂ ಸ್ಫಟಿಕದಂತೆ ಒಂದು ಕ್ರಮ ಉಳಿಸಿಕೊಳ್ಳುವ ವಸ್ತು) ಎಂದು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂಗಡಿಗರೊಂದಿಗೆ ತೋರಿಸಿಕೊಟ್ಟರು. ಮೂರನೆಯವರಾದ ಶ್ರೀಪತಿ ಚಂದ್ರಶೇಖರ್ ಜನಸಂಖ್ಯಾಶಾಸ್ತ್ರಜ್ಞರು. 1967ರಲ್ಲಿ ಕೇಂದ್ರದ ಆರೋಗ್ಯ ಮತ್ತು ಕುಟುಂಬ ಯೋಜನೆ ಸಚಿವರಾದರು.

ಶ್ರೀಪತಿಯವರನ್ನು ಬೇರೆ ಮಾಡುವುದು ಸುಲಭ. ಮೊದಲಿಬ್ಬರನ್ನು ಕ್ಷೇತ್ರ ನೋಡಿ ಬಿಡಿಸಲಾಗದು. ಇಬ್ಬರೂ ಭೌತವಿಜ್ಞಾನಿಗಳು, ಇಬ್ಬರೂ ರಾಯಲ್ ಸೊಸೈಟಿಯ ಫೆಲೋಗಳು. ಸಾಲದೆಂಬಂತೆ ಇಬ್ಬರೂ ಸಿ. ವಿ. ರಾಮನ್ ಅವರ ಮನೆಯವರು. ಮೊದಲಿನವರಿಗೆ ರಾಮನ್ ಚಿಕ್ಕಪ್ಪ, ಎರಡನೆಯವರಿಗೆ ಸೋದರಮಾವ. ಇಲ್ಲಿ ನೆರವಾದದ್ದು ವಂಶವೃಕ್ಷ. ರಾಮನ್ ಅವರ ತಂದೆ ಚಂದ್ರಶೇಖರ ಅಯ್ಯರ್, ವಿಶಾಖಪಟ್ಟಣದಲ್ಲಿ ಕಾಲೇಜು ಅಧ್ಯಾಪಕರಾಗಿದ್ದವರು. ಅವರ ಹೆಸರೇ ಮಗನ ಮನೆಯಲ್ಲೂ ಮಗಳ ಮನೆಯಲ್ಲೂ ಮೊಮ್ಮಕ್ಕಳಿಗೆ ಬಂದಿದೆ. ಆ ತಾತನ ಹೆಸರನ್ನು ಒಂದು ಹಾಳೆಯ ಮೇಲ್ತುದಿಯಲ್ಲಿ ಬರೆದು ಕೆಳಗೆ ಕವಲು ಎಳೆದಾಗ ಇಡೀ ಸಿಕ್ಕು ತಾನಾಗಿ ಬಿಚ್ಚಿಕೊಂಡಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ಹಾಳೆಯನ್ನು ಕೋಶದಲ್ಲೂ ಸೇರಿಸಬೇಕೆಂದು ಒತ್ತಾಯಿಸಿದೆ.

ರಾಮನ್ ಅವರ ಹೆಸರಿನ ‘ಸಿ’ ಕೂಡ ಚಂದ್ರಶೇಖರವೇ. ಆದರೂ ಅವರನ್ನು ಈ ಪಟ್ಟಿಗೆ ಸೇರಿಸಲಿಲ್ಲ. ಅದು ತಂದೆಯ ಹೆಸರು, ಅವರಿಗೆ ಇಟ್ಟ ಹೆಸರಲ್ಲ. ದೊಡ್ಡವರೊಬ್ಬರು ಸಿಕ್ಕರೆಂದು ಪಟ್ಟಿಯನ್ನು ಹಿಗ್ಗಿಸುವುದು ಓದುಗನಿಗೆ ಮಾಡುವ ಅನ್ಯಾಯ ಎಂದೇ ನನ್ನ ನಂಬಿಕೆ.

ಹೆಸರಿನ ಯಾವ ತುಂಡು ಎಲ್ಲಿ ಬರುತ್ತದೆ ಎಂಬುದು ಪ್ರಾಂತದಿಂದ ಪ್ರಾಂತಕ್ಕೆ ಬೇರೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರಿಗೆ ಅಡ್ಡಹೆಸರು ಕೊನೆಗೆ. ತೆಲಂಗಾಣದ ಮೊದಲ ಮುಖ್ಯಮಂತ್ರಿ ಕಲ್ವಕುಂಟ್ಲ ಚಂದ್ರಶೇಖರ ರಾವ್ ಅವರಿಗೆ ಮನೆತನದ ಹೆಸರು ಮೊದಲಿಗೆ. ಚಂದ್ರಶೇಖರ ಪಾಟೀಲರನ್ನಂತೂ ಕನ್ನಡಿಗರು ಚಂಪಾ ಎಂದೇ ಬಲ್ಲರು, ಹಾಗಾಗಿ ‘ಚಂಪಾ – ನೋಡಿ: ಚಂದ್ರಶೇಖರ ಪಾಟೀಲ’ ಎಂಬ ಅಡ್ಡಸೂಚನೆ ಬೇಕೇ ಬೇಕು. ಒಡಿಶಾದ ಖಗೋಳಜ್ಞ ಸಾಮಂತ ಚಂದ್ರಶೇಖರರಿಗೂ (1835–1904) ಪಠಾಣಿ ಸಾಮಂತ ಎಂಬ ಇನ್ನೊಂದು ಹೆಸರಿದೆ. ಬಿದಿರು, ಮರದಲ್ಲಿ ತಾವೇ ಮಾಡಿಕೊಂಡ ಉಪಕರಣಗಳಿಂದ ಗ್ರಹಗತಿ ಅಳೆದ ಅವರನ್ನು ಯಾವ ಹೆಸರಿನಿಂದ ಹುಡುಕಿದರೂ ಸಿಗುವಂತೆ ಮಾಡಿದೆ.

ಕ್ರಿಕೆಟಿಗ ಬಿ. ಎಸ್. ಚಂದ್ರಶೇಖರ್ ಅವರ ಪೂರ್ಣ ಹೆಸರು ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್. ಮೊದಲ ಪದ ಬಿಟ್ಟುಹೋದರೆ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರೊಂದಿಗೆ ಕಲೆಸಿಹೋಗುವ ಹೆಸರು. ಅವರ ಚೀಟಿಯನ್ನು ಹೀಗೆ ಬರೆದೆ: ‘ಜನನ 1945, ಮೈಸೂರು. ಪೋಲಿಯೊದಿಂದ ಬಲಗೈ ಕೃಶ. ಅದೇ ಕೈಯಿಂದ 1971ರ ಓವಲ್ ಟೆಸ್ಟ್‌ನಲ್ಲಿ 38 ರನ್‌ಗೆ 6 ವಿಕೆಟ್. 58 ಟೆಸ್ಟ್‌ಗಳಲ್ಲಿ 242 ವಿಕೆಟ್, 167 ರನ್.’ ವಿಕೆಟ್‌ಗಿಂತ ರನ್ ಕಡಿಮೆ ಇರುವುದನ್ನು ಅಚ್ಚಿನ ತಪ್ಪೆಂದು ಯಾರೂ ತಿದ್ದದಿರಲಿ ಎಂದು ಪಕ್ಕದಲ್ಲೇ ‘ಸರಿಯಿದೆ’ ಎಂದು ಗುರುತು ಹಾಕಿದೆ.

ಪ್ರಧಾನಿ ಚಂದ್ರಶೇಖರ್ ಅವರಿಗೆ ಇನಿಷಿಯಲ್ಲೂ ಇಲ್ಲ, ಬಳಕೆಯಲ್ಲಿ ಅಡ್ಡಹೆಸರೂ ಇಲ್ಲ. ‘ಪ್ರಧಾನಿ, 1990–91’ ಎಂದು ಹೇಳಿ ಮುಗಿಸಬಹುದಿತ್ತು. ನಾನು 1983ರ ಪಾದಯಾತ್ರೆಯನ್ನೂ ಸೇರಿಸಿದೆ. ಕನ್ಯಾಕುಮಾರಿಯಿಂದ ದೆಹಲಿಯ ರಾಜಘಾಟಿನವರೆಗೆ ನಡೆದ ಮನುಷ್ಯನನ್ನು ಹುದ್ದೆಯೊಂದರಿಂದಲೇ ಗುರುತಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಉಳಿದದ್ದು ಆಜಾದರ ಚೀಟಿ. ಜನನ 1906, ಭಾಬ್ರಾ (ಇಂದಿನ ಮಧ್ಯಪ್ರದೇಶ). ಹುಟ್ಟುಹೆಸರು ಚಂದ್ರಶೇಖರ ತಿವಾರಿ. ತಂದೆ ಸೀತಾರಾಮ ತಿವಾರಿ. ಅಸಹಕಾರ ಚಳವಳಿಯಲ್ಲಿ ಸಿಕ್ಕಿಬಿದ್ದ ಆ ಹುಡುಗ ನ್ಯಾಯಾಧೀಶರ ಮುಂದೆ ಹೆಸರು ಆಜಾದ್, ತಂದೆಯ ಹೆಸರು ಸ್ವಾತಂತ್ರ್ಯ, ಮನೆ ಸೆರೆಮನೆ ಎಂದು ಹೇಳಿದ್ದು ಪ್ರಸಿದ್ಧ. ತಂದೆಯ ಹೆಸರಿನ ಸಾಲಿನಲ್ಲಿ ಸೀತಾರಾಮ ತಿವಾರಿಯವರನ್ನೇ ಉಳಿಸಿ, ಅದರ ಕೆಳಗೆ ನ್ಯಾಯಾಲಯದ ಉತ್ತರವನ್ನು ಬರೆದೆ. ಮುಖ್ಯ ನಮೂದು ‘ಚಂದ್ರಶೇಖರ ಆಜಾದ್’. ‘ತಿವಾರಿ’ಗೆ ಒಂದು ‘ನೋಡಿ’ ಸಾಕು.